ಬಂಡೆಗಳ ಕೆಳಗಿನ ರಸ್ತೆಗಳಿಗೆ ರಕ್ಷಣೆ ಬೇಕು

ಮಾನ್ಯ ಸಂಪಾದಕರೇ,

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಾಗ, ಇದು ಕರಾವಳಿ ಮತ್ತು ಮಲೆನಾಡಿನ ತೊಂದರೆ ಎಂದೇ ನಮ್ಮ ಭಾಗದ ಅನೇಕರು ತಿಳಿದರು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಗುಡ್ಡಗಳನ್ನು ಬಲ್ಲವರು ಹಾಗೆ ನಿಶ್ಚಿಂತರಾಗಿರಲಾರರು. ಒಂದರ ಮೇಲೊಂದು ಕುಳಿತ ಗ್ರಾನೈಟ್ ಗುಂಡುಗಲ್ಲುಗಳ ಬುಡದ ಮಣ್ಣನ್ನು ಮಳೆನೀರು ವರ್ಷವರ್ಷವೂ ಕೊರೆಯುತ್ತದೆ. ಬಿಸಿಲ ಕಾವಿಗೆ ಬಿರುಕುಗಳು ಹಿಗ್ಗುತ್ತವೆ, ಅವುಗಳೊಳಗೆ ಅರಳಿ ಗಿಡದ ಬೇರು ಇಳಿಯುತ್ತದೆ. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನೇ ಕಡಿದರೆ ಮೇಲಿನ ಬಂಡೆಗೆ ಆಸರೆ ತಪ್ಪುತ್ತದೆ. ಹದ ಮೀರಿ ಮದ್ದು ಹಾಕಿ ಕಡಿದಿದ್ದರಂತೂ ಉಳಿದ ಕಲ್ಲೂ ಒಳಗೊಳಗೇ ಸೀಳಿರುತ್ತದೆ.

ತಂತಿ ಬಲೆ ಹೊದಿಸಿದರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಬಲೆ ತಡೆಯುವುದು ಸಣ್ಣ ಕಲ್ಲುಗಳನ್ನು. ಕೋಣೆಯಷ್ಟು ದೊಡ್ಡ ಗುಂಡನ್ನು ಉಕ್ಕಿನ ಸರಳುಗಳಿಂದ ಹಿಂದಿನ ಗಟ್ಟಿ ಬಂಡೆಗೆ ಬಿಗಿಯಬೇಕು, ಬುಡಕ್ಕೆ ಕಾಂಕ್ರೀಟ್ ಆಧಾರ ಕೊಡಬೇಕು, ಇಲ್ಲವೇ ಸಂಚಾರ ನಿಲ್ಲಿಸಿ ಒಡೆದು ಇಳಿಸಬೇಕು. ಇವೆಲ್ಲಕ್ಕಿಂತ ಅಗ್ಗವಾದ, ಆದರೆ ಯಾರೂ ಗಮನಿಸದ ಕೆಲಸವೊಂದಿದೆ. ಉರುಳಿದ ಕಲ್ಲು ಡಾಂಬರಿಗೆ ಬಾರದೆ ನಿಲ್ಲಲೆಂದು ಗುಡ್ಡದ ಬುಡದಲ್ಲಿ ಅಗಲವಾದ ತಗ್ಗು ಬಿಡುತ್ತಾರೆ. ಅದು ಮಣ್ಣು, ಜಾಲಿ ಕಂಟಿ, ನೀರಿನ ಬಾಟಲಿಗಳಿಂದ ತುಂಬಿ ರಸ್ತೆಯ ಮಟ್ಟಕ್ಕೆ ಬಂದರೆ ಕಲ್ಲು ಅದರ ಮೇಲೆಯೇ ಹಾದು ವಾಹನಗಳತ್ತ ಉರುಳುತ್ತದೆ. ಈ ತಗ್ಗನ್ನು ಪ್ರತಿವರ್ಷ ತೋಡಿಸುವ ಹೊಣೆ ಗುತ್ತಿಗೆಯ ಕರಾರಿನಲ್ಲೇ ಇರಬೇಕು.

2003ರ ಜೂನ್‌ನಲ್ಲಿ ಕೊಂಕಣ ರೈಲ್ವೆಯ ವೈಭವವಾಡಿ ಬಳಿ ಹಳಿಗೆ ಉರುಳಿದ ಬಂಡೆಗಳಿಗೆ ರೈಲು ಬಡಿದು 50ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಇಂದು ಆ ಮಾರ್ಗದಲ್ಲಿ ಬಂಡೆ ತಡೆಯುವ ಬಲೆಗಳಿವೆ, ಮಳೆಗಾಲದಲ್ಲಿ ಹಗಲಿರುಳು ಗಸ್ತು ನಡೆಯುತ್ತದೆ, ರೈಲುಗಳ ವೇಗವನ್ನೂ ತಗ್ಗಿಸಲಾಗುತ್ತದೆ. ಜೀವಹಾನಿಗೆ ಕಾಯದೆ ನಮ್ಮಲ್ಲೂ ಇಂಥ ವ್ಯವಸ್ಥೆ ಆಗಬೇಕು.

ಒಂದು ವ್ಯತ್ಯಾಸವನ್ನು ಅಧಿಕಾರಿಗಳು ಮನಗಾಣಬೇಕು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಮಳೆ ಜೋರು. ನಮ್ಮಲ್ಲಿ ದೊಡ್ಡ ಮಳೆ ಬರುವುದು ಬಹುಪಾಲು ಸೆಪ್ಟೆಂಬರ್‌ನಲ್ಲಿ. ಆದ್ದರಿಂದ ಲೋಕೋಪಯೋಗಿ ಇಲಾಖೆಯವರು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ತಜ್ಞರೊಡನೆ ಮೇ ತಿಂಗಳಲ್ಲಿ ಒಮ್ಮೆ, ಉತ್ತರಾ ಮಳೆಗೆ ಮುನ್ನ ಮತ್ತೊಮ್ಮೆ ಗುಡ್ಡ ಹತ್ತಿ ಪರಿಶೀಲಿಸಿ, ಅಪಾಯದ ಬಂಡೆಗಳಿಗೆ ಬಣ್ಣದ ಗುರುತು ಹಾಕಬೇಕು. ಅಲ್ಲಿಯವರೆಗೆ, ನೆರಳಿದೆಯೆಂದು ಬಂಡೆಯ ಬುಡದಲ್ಲೇ ಬಸ್ಸಿಗೆ ಕಾಯುವ ಜನರಿಗೂ ಚಹಾದ ಡಬ್ಬಿ ಅಂಗಡಿಗಳಿಗೂ ರಸ್ತೆಯ ಆಚೆ ಬದಿಯಲ್ಲಿ ಜಾಗ ಮಾಡಿಕೊಡಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓದುಗ, ಶಹಾಪುರ, ಯಾದಗಿರಿ ಜಿಲ್ಲೆ