ಹ್ಯಾಂಡಿಕ್ಯಾಪ್: ಭಿಕ್ಷೆಯ ಕತೆಗೆ ಆಧಾರವಿಲ್ಲ

ಮಾನ್ಯ ಸಂಪಾದಕರೇ,

‘ಹ್ಯಾಂಡಿಕ್ಯಾಪ್’ ಎಂಬ ಪದವು ಟೋಪಿ ಹಿಡಿದು ಭಿಕ್ಷೆ ಬೇಡುತ್ತಿದ್ದ ಅಂಗವಿಕಲರಿಂದ ಬಂತೆಂಬ ಮಾತು ಭಾಷಣಗಳಲ್ಲೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಆಗಾಗ ಕಾಣಿಸಿಕೊಳ್ಳುತ್ತದೆ. ಕೇಳಲು ಮನಕಲಕುವಂತಿದ್ದರೂ ಅದಕ್ಕೆ ಆಧಾರವಿಲ್ಲ.

ಪದದ ಮೂಲ ಇಂಗ್ಲೆಂಡಿನ ಒಂದು ಅದಲುಬದಲಿನ ಆಟ. 1660ರಲ್ಲಿಯೇ ಲಂಡನ್ನಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಇದನ್ನು ಹೆಸರಿಸಿದ್ದಾನೆ. ಇಬ್ಬರು ತಮ್ಮ ವಸ್ತುಗಳನ್ನು ವಿನಿಮಯಕ್ಕೆ ಒಡ್ಡಿದಾಗ, ಕಡಿಮೆ ಬೆಲೆಯದರ ಜೊತೆ ಎಷ್ಟು ಹಣ ಸೇರಿಸಬೇಕೆಂದು ಮಧ್ಯಸ್ಥನೊಬ್ಬ ಹೇಳುತ್ತಿದ್ದ. ಮೂವರೂ ಟೋಪಿಯೊಳಗೆ ಪಣದ ಹಣ ಹಾಕಿದ ಬಳಿಕ, ಆ ಇಬ್ಬರು ಅದರೊಳಗೆ ಕೈಯಿಟ್ಟು (‘ಹ್ಯಾಂಡ್ ಇನ್ ಕ್ಯಾಪ್’, ಅಂದರೆ ಟೋಪಿಯೊಳಗೆ ಕೈ; ಪದ ಹುಟ್ಟಿದ್ದು ಇದರಿಂದಲೇ) ಹೊರತೆಗೆದು, ಮುಷ್ಟಿ ಬಿಚ್ಚಿ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಸೂಚಿಸುತ್ತಿದ್ದರು. ಇಬ್ಬರೂ ಒಪ್ಪಿದರೆ ಅಥವಾ ಇಬ್ಬರೂ ಒಲ್ಲೆನೆಂದರೆ ಪಣವೆಲ್ಲ ಮಧ್ಯಸ್ಥನ ಪಾಲು. ಹಾಗಾಗಿ ಸರಿದೂಗಿಸಿ ಬೆಲೆ ಕಟ್ಟುವುದರಲ್ಲೇ ಅವನಿಗೆ ಲಾಭವಿತ್ತು (ಜಾಣ ಏರ್ಪಾಡೆನ್ನಬೇಕು).

18ನೇ ಶತಮಾನದಲ್ಲಿ ಪದವು ಕುದುರೆ ಪಂದ್ಯಕ್ಕೆ ಬಂತು. ಬಲಶಾಲಿ ಕುದುರೆಗೆ ಹೆಚ್ಚು ತೂಕ ಹೊರಿಸಿ ಓಟವನ್ನು ಸಮನಾಗಿಸುವ ಈ ಪದ್ಧತಿ ಬೆಂಗಳೂರು, ಮೈಸೂರುಗಳ ರೇಸ್‌ಗಳಲ್ಲೂ ಇದೆ; ಜಾಕಿಯ ತೂಕ ಸಾಲದಿದ್ದರೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ಅಂದರೆ ಹ್ಯಾಂಡಿಕ್ಯಾಪ್ ಮೊದಲು ಬಿದ್ದದ್ದು ಸಮರ್ಥನ ಬೆನ್ನಿಗೆ. ಹೊರೆಯೆಂಬ ಅರ್ಥ ಕ್ರಮೇಣ ತೊಡಕೆಂದಾಗಿ, 20ನೇ ಶತಮಾನದ ಆರಂಭದಲ್ಲಷ್ಟೇ ಅಂಗವೈಕಲ್ಯಕ್ಕೆ ಅಂಟಿಕೊಂಡಿತು.

ಅಂಗವಿಕಲರು ಈ ಪದ ಬೇಡವೆಂದರೆ ಅದನ್ನು ಕೈಬಿಡಲು ಅವರ ಮಾತೇ ಸಾಕು, ಕಟ್ಟುಕತೆಯ ಆಸರೆ ಬೇಕಿಲ್ಲ. ತಮ್ಮ ಪತ್ರಿಕೆಯ ಅಂಕಣಗಳಲ್ಲಾದರೂ ಭಿಕ್ಷೆಯ ಕತೆ ಅಚ್ಚಾಗದಂತೆ ಗಮನಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು