ಪಕ್ಕದಲ್ಲಿ ಬಂದು ಕೂತವರಿಗೆ

ನನ್ನ ಗೆಳತಿ ತೀರಿಕೊಂಡು ಮೊನ್ನೆಗೆ ಒಂದು ವರ್ಷ ತುಂಬಿತು. ಈ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದವರು ತುಂಬಾ ಜನ. ಒಬ್ಬೊಬ್ಬರ ಎದುರೂ ಕೂತು ಹೇಳಬೇಕಾದ ಮಾತಿದು. ಆದರೆ ಎದುರು ಸಿಕ್ಕಾಗೆಲ್ಲ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಹಾಸಿಗೆ ಹಿಡಿದಿದ್ದು, ಹೋಗಿದ್ದು ಎಲ್ಲ ಬೇಗ ಬೇಗ ನಡೆದುಹೋಯಿತು. ಅದನ್ನು ಮತ್ತೆ ಬರೆಯುವ ಶಕ್ತಿ ಇಲ್ಲ. ಅದಾದ ಮೇಲಿನ ದಿನಗಳ ಬಗ್ಗೆಯೇ ನಾನು ಹೇಳಬೇಕಿರುವುದು.

ಗೆಳತಿ ಹೋದರೆ ಆ ದುಃಖಕ್ಕೆ ಕೂರಲು ಜಾಗವೇ ಸಿಗುವುದಿಲ್ಲ. ಗಂಡ, ಮಕ್ಕಳು, ಅಪ್ಪ, ಅಮ್ಮ, ಇವರಿಗೆಲ್ಲ ಜನ ಬಂದು ಸಮಾಧಾನ ಹೇಳುತ್ತಾರೆ. ಹೇಳಲೇಬೇಕು ಕೂಡ. ಗೆಳತಿಯಾದವಳು ಮಾತ್ರ ಸಮಾಧಾನ ಹೇಳಲು ಬಂದವರ ಸಾಲಿನಲ್ಲೇ ನಿಂತಿರುತ್ತಾಳೆ. ನಾನು ಕೆಲಸ ಮಾಡುವ ಕಡೆ ರಜೆ ಕೇಳಿದಾಗ, "ಅವರು ನಿಮಗೆ ಏನಾಗಬೇಕು?" ಅಂದರು. ಫಾರಂನಲ್ಲಿ ಸಂಬಂಧ ಅಂತ ಒಂದು ಕಾಲಂ ಇತ್ತು. ಅದರಲ್ಲಿ ಏನು ಬರೆಯಬೇಕೋ ತಿಳಿಯದೆ ಪೆನ್ನು ಹಿಡಿದುಕೊಂಡು ಕೂತಿದ್ದೆ.

ಆಗ ಪಕ್ಕದ ಮೇಜಿನ ಗೆಳೆಯ ಏನೂ ಕೇಳಲಿಲ್ಲ. ನನ್ನ ಕೆಲಸದಲ್ಲಿ ಅರ್ಧ ತನ್ನ ಕಡೆ ಎಳೆದುಕೊಂಡ. ಆಮೇಲೆ ಎಷ್ಟೋ ತಿಂಗಳು ಬೆಳಗ್ಗೆ ಒಂದು ಸಾಲಿನ ಮೆಸೇಜ್ ಹಾಕುತ್ತಿದ್ದ. ಅದರ ಕೊನೆಗೆ ತಪ್ಪದೆ "ಉತ್ತರ ಬೇಡ" ಅಂತ ಇರುತ್ತಿತ್ತು. ಆ ಎರಡು ಪದ ನನಗೆ ಎಷ್ಟು ಹಗುರ ಮಾಡಿತು ಅಂತ ನಿನಗೆ ಗೊತ್ತಿಲ್ಲ ಮಾರಾಯ. ನಿನಗೆ ತುಂಬು ಮನಸ್ಸಿನ ಥ್ಯಾಂಕ್ಸ್.

ನನ್ನ ಆಪ್ತ ಸಮಾಲೋಚಕಿಗೂ ನಾನು ಋಣಿ. ಮೇಡಂ, ಮೊದಲ ದಿನವೇ ನೀವು ಒಂದು ವಿಷಯ ಹೇಳಿದಿರಿ. ಸಮಾಜ ಲೆಕ್ಕಕ್ಕೇ ಹಿಡಿಯದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಎಂಬ ಅಮೆರಿಕದ ಪ್ರೊಫೆಸರ್ 1989ರಲ್ಲೇ ಪುಸ್ತಕ ತಂದಿದ್ದಾರೆ ಅಂತ. ನನ್ನ ನೋವು ಅತಿಯಾಯಿತೇನೋ ಅಂತ ಅಲ್ಲಿವರೆಗೆ ಒಳಗೊಳಗೇ ಕುಗ್ಗುತ್ತಿದ್ದೆ. ಆ ಮಾತು ಕೇಳಿ ಉಸಿರು ಬಿಟ್ಟೆ.

ದುಃಖಕ್ಕೆ ಐದು ಹಂತ ಅಂತ ಎಲ್ಲರೂ ಹೇಳುತ್ತಾರಲ್ವಾ? ನಾನೂ ಅದನ್ನೇ ಹಿಡಿದುಕೊಂಡು, ಕೋಪ ಮುಗಿಯಿತು ಅಂದುಕೊಂಡ ಮೇಲೆ ಮತ್ತೆ ಯಾಕೆ ಬಂತು ಅಂತ ಕೇಳಿದ್ದೆ. ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಹಂತಗಳ ಬಗ್ಗೆ ಬರೆದಿದ್ದು ಸಾವಿನ ಹತ್ತಿರ ಬಂದಿದ್ದ ರೋಗಿಗಳನ್ನು ಮಾತಾಡಿಸಿ, ಉಳಿದವರ ದುಃಖ ಹಾಗೆ ಮೆಟ್ಟಿಲು ಹತ್ತಿದ ಹಾಗೆ ನಡೆಯುವುದಿಲ್ಲ ಅಂದಿರಿ. ಒಂದು ಗಂಟೆ ಅಳು, ಇನ್ನೊಂದು ಗಂಟೆ ಮನೆಗೆಲಸ, ಮತ್ತೆ ಅಳು. ಈ ಓಡಾಟವೇ ಸಹಜ ಅಂತ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು 1999ರಲ್ಲಿ ವಿವರಿಸಿದ್ದಾರೆ ಅಂತಲೂ ಹೇಳಿದಿರಿ. ಅಂದಿನಿಂದ ನಕ್ಕ ದಿನ ನನಗೆ ತಪ್ಪಿತಸ್ಥೆ ಅನಿಸುವುದು ನಿಂತಿತು.

ಇದನ್ನು ಓದುವವರಲ್ಲಿ ಯಾರಾದರೂ ನನ್ನಂತೆಯೇ ಇದ್ದರೆ ಒಂದು ಮಾತು. ದುಃಖ ಕಾಯಿಲೆ ಅಲ್ಲ. ಆದರೆ ಆರು ತಿಂಗಳು ಕಳೆದ ಮೇಲೂ ದಿನದ ಬದುಕೇ ನಡೆಸಲಾಗದಷ್ಟು ಅದು ಹಿಂಡುತ್ತಿದ್ದರೆ ದಯವಿಟ್ಟು ಸಹಾಯ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಈಗ ಹಾಗೆ ಬಿಡದೆ ಹಿಂಡುವ ದುಃಖ ಸೇರಿದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಇನ್ನು ದೇವರ ವಿಷಯ. ಇದನ್ನು ಬರೆಯುವುದೇ ಕಷ್ಟ.

ಅವಳು ಉಳಿಯಲಿ ಅಂತ ನಾನು ಬೇಡಿಕೊಂಡಷ್ಟು ಇನ್ಯಾವುದಕ್ಕೂ ಬೇಡಿಕೊಂಡಿರಲಿಲ್ಲ. ಅವಳು ಹೋದ ಮೇಲೆ ಕೈ ಮುಗಿಯುವುದೇ ಬಿಟ್ಟೆ. "ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ" ಅಂತ ಯಾರೋ ಅಂದಾಗ ಎದ್ದು ಹೋಗಿದ್ದೆ. ನಮ್ಮ ಪ್ರಾರ್ಥನೆ ನಡೆಸುವ ಹಿರಿಯರು ಮಾತ್ರ ಅಂಥ ಮಾತು ಒಂದೂ ಆಡಲಿಲ್ಲ. ಅಜ್ಜಾ, ನೀವು ಹೇಳಿದ್ದು ಇಷ್ಟೇ: "ನಿನಗೆ ಬಾಯಿ ಬರದಿದ್ರೆ ಬೇಡಮ್ಮಾ. ನಿನ್ನ ಪಾಲಿಂದೂ ನಾವೇ ಹೇಳ್ತೀವಿ. ನೀನು ಬಂದು ಸುಮ್ನೆ ಕೂತ್ಕೋ."

ಬಂದು ಕೂತೆ. ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ. ಎಲ್ಲರೂ ಹಾಡುತ್ತಿದ್ದರೆ ನಾನು ಮನಸ್ಸಿನಲ್ಲೇ ದೇವರನ್ನು ಬೈಯುತ್ತಿದ್ದೆ. ಅದನ್ನೂ ನಿಮಗೆ ಹೇಳಿಬಿಟ್ಟೆ. ನೀವು ಗಾಬರಿ ಆಗಲಿಲ್ಲ. "ದಾಸರೇ ಬೈದು ಹಾಡಿದಾರಲ್ಲಮ್ಮ. ಇಲ್ಲ ಅಂತ ನಂಬಿದೋರು ಯಾರನ್ನ ಬೈತಾರೆ ಹೇಳು?" ಅಂದಿರಿ. ಆ ರಾತ್ರಿ ತುಂಬಾ ದಿನದ ಮೇಲೆ ನಿದ್ದೆ ಬಂತು.

ಯಾವಾಗ ನಾನೂ ದನಿ ಸೇರಿಸಿದೆ ಅಂತ ನೆನಪಿಲ್ಲ. ಪಕ್ಕದವರು ತಿರುಗಿ ನೋಡಿದಾಗಲೇ ಗೊತ್ತಾಗಿದ್ದು. ಅವಳು ಯಾಕೆ ಹೋದಳು ಅನ್ನುವುದಕ್ಕೆ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಮೊದಲು ನನ್ನ ನಂಬಿಕೆ ಅಂದರೆ ಕೇಳಿದ್ದು ಸಿಗುತ್ತದೆ ಅನ್ನುವುದಾಗಿತ್ತು. ಈಗ, ನನ್ನ ಬೈಗುಳವನ್ನೂ ಕೂತು ಕೇಳುವವನು ಒಬ್ಬ ಇದ್ದಾನೆ ಅನ್ನುವುದು. ನನಗೆ ಇದೇ ಜಾಸ್ತಿ ಗಟ್ಟಿ ಅನಿಸುತ್ತದೆ.

ಕೊನೆಯದಾಗಿ ಅವಳ ಅಮ್ಮನಿಗೆ. ಮಗಳನ್ನು ಕಳೆದುಕೊಂಡ ತಾಯಿ ನನಗೆ ಫೋನ್ ಮಾಡಿ "ಊಟ ಆಯ್ತಾ ಮಗಳೇ?" ಅಂತ ಕೇಳಿದರು. ಅದನ್ನು ಹೇಗೆ ತೀರಿಸಲಿ? ಪ್ರತಿ ಸಲ ಫೋನಿನಲ್ಲಿ ಅವರದು ಒಂದೇ ಬೇಡಿಕೆ: "ನಂಗೆ ಗೊತ್ತಿಲ್ಲದ ಅವಳ ವಿಷಯ ಒಂದು ಹೇಳು."

ಒಂದು ಸಲ ಹೇಳಿದೆ, ಸುಳ್ಳು ಹೇಳಬೇಕಾದಾಗೆಲ್ಲ ಅವಳು ಕನ್ನಡಕ ತೆಗೆದು ಸೆರಗಿನಲ್ಲೋ ದುಪಟ್ಟಾದಲ್ಲೋ ಒರೆಸುತ್ತಾ ನಿಲ್ಲುತ್ತಿದ್ದಳು ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಜೋರಾಗಿ ನಕ್ಕರು. "ಅಯ್ಯೋ, ನನ್ನೆದುರೂ ಹಾಗೇ ಮಾಡೋಳು! ಕಣ್ಣಿಗೇನೋ ಆಗಿದೆ ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆನಲ್ಲೇ!" ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು, ಆಮೇಲೆ ಅತ್ತೆವು. ಫೋನ್ ಇಟ್ಟಾಗ ನಾಳೆ ಏನು ಮಾಡಬೇಕು ಅಂತ ಯೋಚಿಸುತ್ತಿದ್ದೆ. ನಾಳೆ ಅನ್ನುವುದು ತಿಂಗಳುಗಟ್ಟಲೆ ನನ್ನ ತಲೆಗೆ ಬಂದೇ ಇರಲಿಲ್ಲ.

ಅಮ್ಮ ಮುಂದಿನ ತಿಂಗಳು ನಮ್ಮ ಮನೆಗೆ ಬರುತ್ತಿದ್ದಾರೆ. ಕೆಲವು ದಿನ ಇರುತ್ತಾರೆ. ಅವಳನ್ನು ಬಲ್ಲ ನೀವೆಲ್ಲ ಖಂಡಿತ ಬನ್ನಿ. ಅಮ್ಮನಿಗೆ ಗೊತ್ತಿಲ್ಲದ ಅವಳ ಕಥೆ ಒಂದೊಂದು ನೆನಪು ಮಾಡಿಕೊಂಡು ಬನ್ನಿ.