ಲೇತ್ ಮುಂದೆ ನಿಲ್ಲಿಸಿದವರಿಗೆಲ್ಲ

ಮಿಷಿಗನ್‌ನ ಕಮ್ಯುನಿಟಿ ಕಾಲೇಜಿನಲ್ಲಿ ನನ್ನ ಪ್ರೊಡಕ್ಷನ್ ಟೆಕ್ನಾಲಜಿ ಕೋರ್ಸು ಮುಗಿಯಿತು. ಅಸೋಸಿಯೇಟ್ ಡಿಗ್ರಿ (ಇಲ್ಲಿನ ಎರಡು ವರ್ಷದ ಪದವಿ) ಕೈಗೆ ಬಂತು. ಬಿ.ಕಾಂ ಓದಿ, ಮದುವೆಯಾಗಿ ಡೆಟ್ರಾಯಿಟ್ ಕಡೆ ಬಂದವಳು ನಲವತ್ತರ ಹತ್ತಿರ ಲೇತ್ (ಲೋಹ ತಿರುಗಿಸಿ ಕಡೆಯುವ ಮೆಷಿನ್) ಕಲಿಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ನಗದವರಿಗೂ, ನಕ್ಕು ಆಮೇಲೆ ಜೊತೆಗೆ ನಿಂತವರಿಗೂ ಈ ಬರಹ.

ಮೊದಲು ನಮ್ಮ ಮೇಷ್ಟ್ರು. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಕೊನೆವರೆಗೂ ಬಾಯಿ ಬರಲಿಲ್ಲ. ಕಾರಿನ ಬಾಗಿಲು, ಬಾನೆಟ್ ಒತ್ತುವ ಡೈ, ಅಂದರೆ ಅಚ್ಚು, ಮಾಡಿಕೊಂಡೇ ರಿಟೈರ್ ಆದವರು. ಶುರುವಿನಲ್ಲಿ ಮೆಷಿನ್ ಮುಟ್ಟಲೂ ಬಿಡಲಿಲ್ಲ. ಲೋಹದ ತುಂಡು ಹಿಡಿಯುವ ಚಕ್‌ನಲ್ಲಿ, ಅದನ್ನು ಬಿಗಿ ಮಾಡುವ ಕೀ ಬಿಟ್ಟು ಕೈ ತೆಗೆಯಬಾರದು, ಗ್ಲೌಸ್ ಹಾಕಿಕೊಂಡು ಲೇತ್ ಹತ್ತಿರ ಬರಬಾರದು, ಇಷ್ಟೇ ಪಾಠ. ಬಳೆ, ತಾಳಿ ಎಲ್ಲ ಲಾಕರ್‌ಗೆ. ಮನೆಯಲ್ಲಿ ಏನನ್ನುತ್ತಾರೋ ಅಂದುಕೊಂಡಿದ್ದೆ. ಅತ್ತೆ, "ಕೆಲಸ ಆದ್ಮೇಲೆ ಹಾಕ್ಕೊಂಡ್ರಾಯ್ತು, ಅಷ್ಟೇ ಅಲ್ವಾ?" ಅಂದುಬಿಟ್ಟರು. ಅತ್ತೆ, ಆ ಮಾತಿಗೆ ನಿಮಗೆ ದೊಡ್ಡ ನಮಸ್ಕಾರ.

ನನ್ನನ್ನು ಕಾಡಿದ್ದು ಫೋರ್ ಜಾ ಚಕ್, ಅಂದರೆ ತುಂಡು ಹಿಡಿಯುವ ನಾಲ್ಕು ದವಡೆ ಇರುವುದು. ಮೂರು ಜಾ ಇರುವುದರಲ್ಲಿ ಜಾಬ್, ಅಂದರೆ ಕಡೆಯುವ ತುಂಡು, ತಾನಾಗೇ ನಡುವಿಗೆ ಬಂದು ಕೂರುತ್ತದೆ. ಇದರಲ್ಲಿ ಒಂದೊಂದು ಜಾ ಬೇರೆ ಬೇರೆ ತಿರುಗಿಸಿ, ವ್ಯತ್ಯಾಸ ತೋರಿಸುವ ಡಯಲ್‌ನ ಮುಳ್ಳು ಆಡದ ಹಾಗೆ ಕೂರಿಸಬೇಕು. ಈ ಕಡೆ ಒತ್ತಿದರೆ ಆ ಕಡೆ ಓಡುತ್ತಿತ್ತು. ರಾತ್ರಿ ಹರಿಹರಕ್ಕೆ ವೀಡಿಯೊ ಕಾಲ್ ಮಾಡಿದೆ. ಅಪ್ಪ ಅಲ್ಲಿನ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್, ಅಂದರೆ ಲೇತ್ ಕೆಲಸಗಾರ, ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತ್‌ಗಳನ್ನೇ ಮಾಡುತ್ತಿತ್ತು. ಆದರೂ ನಮ್ಮನೆ ಹೆಣ್ಣುಮಕ್ಕಳ ಮುಂದೆ ಆ ಕೆಲಸದ ಮಾತೇ ಬಂದಿರಲಿಲ್ಲ. ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಎದುರು ಬದುರು ಜಾ ನೋಡವ್ವ. ಮುಳ್ಳು ಎಷ್ಟು ಫರಕು ತೋರಿಸ್ತದೋ ಅದರ ಅರ್ಧ ಸರಿಸು. ಪೂರ್ತಿ ಸರಿಸಬ್ಯಾಡ." ಮರುದಿನ ಜಾಬ್ ಒಂದು ಥೌ ಒಳಗೆ ಕೂತಿತು. ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು, ಸುಮಾರು 25 ಮೈಕ್ರಾನ್. ಅಪ್ಪನಿಗೆ ನೇರವಾಗಿ ಥ್ಯಾಂಕ್ಸ್ ಅಂದರೆ ಮುಜುಗರ. ತಂಗಿ ಇದನ್ನು ಓದಿ ಹೇಳಲಿ.

ನೈಟ್ ಶಿಫ್ಟ್‌ಗೆ ಮುಂಚೆ ಕ್ಲಾಸಿಗೆ ಬರುತ್ತಿದ್ದ ಹುಡುಗರೇ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ನಲ್ಲಿ ಸೈಕಲ್ ಸ್ಟಾರ್ಟ್ ಒತ್ತುವ ಮುಂಚೆ ಟೂಲ್ ಆಫ್‌ಸೆಟ್ (ಟೂಲಿನ ಅಳತೆಯ ಲೆಕ್ಕ) ಇನ್ನೊಮ್ಮೆ ನೋಡಿಸುತ್ತಿದ್ದವರು ನೀವು. ಖರ್ಚಿನ ಲೆಕ್ಕ ಹಾಕುವ ಕಾಸ್ಟಿಂಗ್ ಪರೀಕ್ಷೆ ಬಂದಾಗ ಮಾತ್ರ ಎಲ್ಲರೂ ನನ್ನ ಟೇಬಲ್ ಸುತ್ತ. ಬಿ.ಕಾಂ ಸುಮ್ನೆ ಹೋಗಲಿಲ್ಲ ನೋಡಿ. ಹಿಮ ಬೀಳುವ ಸಂಜೆಗಳಲ್ಲಿ ಮಗಳನ್ನು ಮನೆಗೆ ಕರೆದೊಯ್ದು ಊಟ ಹಾಕಿದ ಇಲ್ಲಿನ ಪಂಪ ಕನ್ನಡ ಕೂಟದ ಗೆಳತಿಯರಿಗೂ ವಂದನೆ. ನಮ್ಮನೆಯವರ ಉಪ್ಪಿಟ್ಟು ಇವತ್ತಿಗೂ ಗಂಟು ಗಂಟೇ. ಆದರೆ ಎಷ್ಟೊತ್ತಿಗೆ ಬಂದರೂ ಬಿಸಿ ಇರುತ್ತಿತ್ತು.

ಸೋಮವಾರದಿಂದ ಸ್ಟರ್ಲಿಂಗ್ ಹೈಟ್ಸ್‌ನ ಸಣ್ಣ ಫಿಕ್ಸ್ಚರ್ (ಜಾಬ್ ಹಿಡಿದಿಡುವ ಸಾಧನ) ಶಾಪ್ ಒಂದರಲ್ಲಿ ಕೆಲಸ. ಈ ಕಡೆ ಇರುವವರು ಯಾರಾದರೂ ಈ ಕೋರ್ಸಿಗೆ ಸೇರಬೇಕೆಂದಿದ್ದರೆ ಕೇಳಿ. ಕಾಲೇಜು ಇರುವ ಕೌಂಟಿಯವರಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಫೀಸು ಕಡಿಮೆ, ಸಂಜೆ ಕ್ಲಾಸೂ ಇದೆ. ನೋಟ್ಸ್, ಡ್ರಾಯಿಂಗ್ ಎಲ್ಲ ಕೊಡುತ್ತೇನೆ. ಸೇಫ್ಟಿ ಶೂ ಮಾತ್ರ ಕೇಳಬೇಡಿ, ಸೋಮವಾರಕ್ಕೆ ಬೇಕು.